ಹಳೆ ಕ್ಯಾಮೆರಾದ ಕಣ್ಣು ಕೀಳುವ ಮುನ್ನ

ಅಟ್ಟದ ಪೆಟ್ಟಿಗೆಯಲ್ಲಿ ಚಿಕ್ಕಪ್ಪನ ಕಾಲದ ಪುಟ್ಟ ಫಿಲ್ಮ್ ಕ್ಯಾಮೆರಾ ಸಿಕ್ಕಿದೆ. ಅದರ ಲೆನ್ಸ್ ಬಿಡಿಸಿ ನಿಮ್ಮ ಮಿರರ್‌ಲೆಸ್ ಕ್ಯಾಮೆರಾಕ್ಕೆ ಕೂರಿಸುವ ಆಸೆ ಹುಟ್ಟಿದೆ. ಆಸೆ ಒಳ್ಳೆಯದೇ, ಆ ಗಾಜು ಕೊಡುವ ಮೆದು ಬಣ್ಣಕ್ಕೆ ಮನಸೋಲುವುದು ಸಹಜ. ಆದರೆ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ನಾಲ್ಕು ಮಾತು ಕೇಳಿ.

ಆ ಕ್ಯಾಮೆರಾ ನಿಜವಾಗಿ ಕೆಟ್ಟಿದೆಯೇ? ಒಲಿಂಪಸ್ ಟ್ರಿಪ್ 35 ಇದ್ದರೆ ಪರೀಕ್ಷೆ ಸುಲಭ. 1967ರಿಂದ 1984ರವರೆಗೆ ಜಪಾನಿನಲ್ಲಿ ತಯಾರಾದ ಈ ಕ್ಯಾಮೆರಾಕ್ಕೆ ಬ್ಯಾಟರಿಯೇ ಬೇಡ, ಲೆನ್ಸಿನ ಸುತ್ತಲಿನ ಸೆಲೆನಿಯಂ ಕೋಶವೇ ಬೆಳಕು ಅಳೆಯುತ್ತದೆ. ‘ಎ’ ಗುರುತಿನಲ್ಲಿಟ್ಟು ಒಳ್ಳೆಯ ಬಿಸಿಲಿನಲ್ಲಿ ಬಟನ್ ಒತ್ತಿ. ಆಗಲೂ ಕಿಂಡಿಯಲ್ಲಿ ಕೆಂಪು ಪಟ್ಟಿ ಎದ್ದು ಶಟರ್ ಹಟ ಹಿಡಿದರೆ ಕೋಶ ಸೋತಿರಬಹುದು. ಹಾಗಿದ್ದರೂ ಅಪರ್ಚರನ್ನು ಕೈಯಲ್ಲೇ ಇಟ್ಟು, ಸೆಕೆಂಡಿನ ನಲವತ್ತರಲ್ಲೊಂದು ಭಾಗದ ವೇಗದಲ್ಲಿ ಫಿಲ್ಮ್ ತೆಗೆಯಬಹುದು. ಇಷ್ಟೂ ನೋಡದೆ ಬಿಚ್ಚಿಹಾಕಿದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಡೆಯುವ ಕ್ಯಾಮೆರಾವನ್ನು ದಯವಿಟ್ಟು ಬಿಡಿಸಬೇಡಿ. ಶಟರ್ ಸಿಕ್ಕಿಕೊಂಡದ್ದು, ಬಿದ್ದು ನಜ್ಜಾದದ್ದು ಹುಡುಕಿಕೊಳ್ಳಿ.

ಇದಕ್ಕಿಂತ ಮುಖ್ಯವಾದದ್ದು ನಿಮ್ಮ ಜೀವ. ಟ್ರಿಪ್‌ನಲ್ಲಿ ಒಳಗೇ ಫ್ಲಾಶ್ ಇಲ್ಲ, ಅದಕ್ಕೇ ಹೊಸಬರಿಗೆ ಅದು ವಾಸಿ ಎನ್ನುತ್ತೇನೆ. ಎಂಬತ್ತು, ತೊಂಬತ್ತರ ದಶಕದ ಪ್ಲಾಸ್ಟಿಕ್ ಕ್ಯಾಮೆರಾಗಳಲ್ಲಿ ಫ್ಲಾಶ್ ಒಳಗೇ ಇರುತ್ತದೆ. ಅದರ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ತುಂಬಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ಬಹಳ ಹೊತ್ತು ಹಾಗೇ ಉಳಿಯಬಲ್ಲದು. ‘ಎರಡು ಪುಟಾಣಿ ಬ್ಯಾಟರಿ ತಾನೇ’ ಎಂಬ ಉಡಾಫೆ ಬೇಡ. ವಿದ್ಯುತ್ತಿನ ಕೆಲಸ ಬಲ್ಲವರಿಂದ ಅದನ್ನು ಖಾಲಿ ಮಾಡಿಸಿ, ಮೀಟರ್ ಹಿಡಿದು ನೋಡಿದ ಮೇಲೆಯೇ ಒಳಗೆ ಬೆರಳಿಡಿ. ಮಕ್ಕಳ ಕೈಗಂತೂ ಕೊಡಲೇಬೇಡಿ.

ಇನ್ನು ಬಿಡಿಸುವ ಕೆಲಸ. ಟ್ರಿಪ್‌ನಲ್ಲಿ ಫೋಕಸ್ ಆಗುವುದು ಮುಂದಿನ ಗಾಜು ಮಾತ್ರ ಸರಿದು. ಅದನ್ನು ತಿರುಗಿಸಿ ಹೊರತೆಗೆಯುವ ಮುನ್ನ ಬೆಟ್ಟದ ಚಿತ್ರದ ಗುರುತಿಗೆ, ಅಂದರೆ ಅನಂತ ದೂರಕ್ಕೆ, ತಂದು ಸೂಜಿಮೊನೆಯಷ್ಟು ಗೆರೆ ಎಳೆದುಕೊಳ್ಳಿ. ಮರಳಿ ಸೇರಿಸುವಾಗ ತಿರುಪಿನ ಸುತ್ತು ಬೇರೆ ಜಾಗದಲ್ಲಿ ಹಿಡಿದರೆ ಚಿತ್ರವೆಲ್ಲ ಮಸುಕು. ಆ ಗಾಜನ್ನು ಅನಂತದಲ್ಲೇ ಭದ್ರಪಡಿಸಿ, ಇಡೀ ಲೆನ್ಸನ್ನು ಹಿಂದೆ ಮುಂದೆ ಸರಿಸುವ ಹೆಲಿಕಾಯ್ಡ್ ಅಡಾಪ್ಟರ್ ಮೇಲೆ ಕೂರಿಸುವುದು ಉತ್ತಮ. ಚಿತ್ರವೂ ಚೊಕ್ಕ, ಹತ್ತಿರದ ಹೂವೂ ಸಿಗುತ್ತದೆ. ಒಳಗಿನ ಶಟರ್ ಎಲೆಗಳು ತಾವಾಗಿ ಮುಚ್ಚಿಕೊಳ್ಳುತ್ತವೆ, ಅವನ್ನು ಪೂರ್ತಿ ತೆರೆದೇ ನಿಲ್ಲಿಸಬೇಕು. ಲೋಹಕ್ಕೆ ಅರ ಹಾಕುವ ಕೆಲಸವಿದ್ದರೆ ಮಿರರ್‌ಲೆಸ್ ಬೇರೆ ಕೋಣೆಯಲ್ಲಿರಲಿ. ಅರದ ಪುಡಿ ಒಂದು ಕಣ ಸೆನ್ಸರ್ ಮೇಲೆ ಬಿದ್ದರೂ ಮೂಗಿಗಿಂತ ಮೂಗುತಿ ಭಾರವಾಗುವಷ್ಟು ಖರ್ಚು.

ಅಳತೆ ನೋಡದೆ ತಿರುಗಿಸಿ ಕೂರಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಸೋನಿ ಇ ಮೌಂಟಿನಲ್ಲಿ ಮೌಂಟ್‌ನಿಂದ ಸೆನ್ಸರ್‌ಗೆ 18 ಮಿಲಿಮೀಟರ್, ನಿಕಾನ್ ಝಡ್‌ನಲ್ಲಿ 16. ಟ್ರಿಪ್‌ನ 40 ಮಿಲಿಮೀಟರ್ ಲೆನ್ಸಿಗೆ ಅದರ ಮುಂದೆ ಜಾಗ ಸಾಕಷ್ಟಿದೆ. ಆದರೆ ಮೈತಾನಿ ಯೋಶಿಹಿಸಾ ರೂಪಿಸಿದ, 1979ರ ಒಲಿಂಪಸ್ ಎಕ್ಸ್‌ಎ ಥರದವನ್ನು ಜೇಬಿಗೆ ಇಳಿಯಲೆಂದೇ ಮಾಡಿದ್ದು. ಅಲ್ಲಿ ಲೆನ್ಸ್ ಫಿಲ್ಮಿಗೆ ತೀರಾ ಹತ್ತಿರ ಕೂರುತ್ತದೆ. ಹಿಂದಿನ ಗಾಜು ನಿಮ್ಮ ಕ್ಯಾಮೆರಾದ ಶಟರ್ ಪರದೆಗೆ ತಾಗಿದರೆ ಮುಗಿಯಿತು. ಕ್ಯಾಲಿಪರ್ಸ್ ಹಿಡಿದು ಅಳೆಯಿರಿ, ಆಮೇಲೆ ಇನ್ನೊಮ್ಮೆ ಅಳೆಯಿರಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕೂರಿಸಿದ ಮೇಲೆ ಮೆನುವಿನಲ್ಲಿ ‘ಲೆನ್ಸ್ ಇಲ್ಲದಿದ್ದರೂ ಶಟರ್’ ಎಂಬುದನ್ನು ಆನ್ ಮಾಡಿ, ಸ್ಟೆಬಿಲೈಜೇಶನ್‌ಗೆ 40 ಎಂದು ತುಂಬಿ. ಎಪಿಎಸ್-ಸಿ ಸೆನ್ಸರ್‌ನಲ್ಲಿ ಅದು ಸುಮಾರು 60ರ ನೋಟ ಕೊಡುತ್ತದೆ, ಮುಖಚಿತ್ರಕ್ಕೆ ಹಿತ. ದೂರದ ಗೋಪುರವನ್ನೋ ಟವರನ್ನೋ ಪರದೆಯಲ್ಲಿ ಹಿಗ್ಗಿಸಿ ಫೋಕಸ್ ಹೊಂದಿಸಿ, ಸೂರ್ಯನತ್ತ ಮಾತ್ರ ಹಿಡಿಯಬೇಡಿ. ಫುಲ್‌ಫ್ರೇಮ್‌ನಲ್ಲಿ ಮೂಲೆಗಳು ಕಲಸಿದಂತೆ ಕಂಡರೆ ಗಾಬರಿ ಬೇಡ: ಫಿಲ್ಮಿಗೆ ಇಲ್ಲದ ದಪ್ಪ ಗಾಜು ಸೆನ್ಸರ್ ಮುಂದಿದೆ, ಓರೆಯಾಗಿ ಬರುವ ಕಿರಣ ಅಲ್ಲಿ ಚದುರುತ್ತದೆ. ಎಫ್/8ಕ್ಕೆ ಇಳಿಸಿದರೆ ಎಷ್ಟೋ ಸರಿಹೋಗುತ್ತದೆ. ಚಿತ್ರ ಒಟ್ಟಾರೆ ಪೇಲವವಾದರೆ ಅಡಾಪ್ಟರ್ ಒಳಗಿನ ಹೊಳಪು ಕಾರಣವಿರಬಹುದು, ಮಂಕು ಕಪ್ಪು ಬಳಿಯಿರಿ. ಇದ್ಯಾವುದನ್ನೂ ನೋಡದೆ ಲೆನ್ಸನ್ನು ಬೈದರೆ ಕುಣಿಯಲಾರದವಳು ನೆಲ ಡೊಂಕು ಎಂದಂತೆ.

ಮಲೆನಾಡು, ಕರಾವಳಿಯವರು ಬೂಷ್ಟಿನ ಬಗ್ಗೆ ಎಚ್ಚರವಾಗಿರಿ. ಟಾರ್ಚ್ ಬಿಟ್ಟು ನೋಡಿದಾಗ ಗಾಜಿನೊಳಗೆ ಜೇಡನೆಳೆಯಂಥದ್ದು ಕಂಡರೆ ಆ ಲೆನ್ಸನ್ನು ಉಳಿದವುಗಳ ಜೊತೆ ಇಡಬೇಡಿ. ಹಳೆ ಚರ್ಮದ ಚೀಲ ತೇವ ಹಿಡಿಯುತ್ತದೆ, ಅದರಿಂದ ಹೊರತೆಗೆದು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.

ಲೆನ್ಸ್ ತೆಗೆದ ಮೇಲೆ ಉಳಿದ ಕವಚ, ಸ್ಕ್ರೂ, ಕೋಶ ಯಾವುದನ್ನೂ ಕಸಕ್ಕೆ ಹಾಕಬೇಡಿ. ಒಂದು ಡಬ್ಬಿಯಲ್ಲಿ ಕಟ್ಟಿ, ಹಳೆ ಕ್ಯಾಮೆರಾ ರಿಪೇರಿ ಮಾಡುವವರಿಗೆ ಕೊಟ್ಟುಬನ್ನಿ.