ಅಮ್ಮನ ಮರೆವಿಗೆ ಹಾರ್ಮೋನ್ ಮಾತ್ರೆಯೆ?

ಊರಿಂದ ಅಪ್ಪ-ಅಮ್ಮನನ್ನು ಅಮೆರಿಕಕ್ಕೆ ಕರೆಸಿಕೊಂಡ ಮನೆಗಳಲ್ಲಿ ಸ್ವಲ್ಪ ದಿನಕ್ಕೇ ಒಂದು ಮಾತು ಏಳುತ್ತದೆ: ‘ಅಮ್ಮನಿಗೆ ಈಚೆಗೆ ಮರೆವು ಜಾಸ್ತಿ.’ ಹಿಂದೆಯೇ ಯಾರೋ ಕೊಟ್ಟ ಸಲಹೆ: ಹಾರ್ಮೋನ್ ಕೊಡಿಸಿ ನೋಡಬಾರದೇಕೆ? ಅಪ್ಪನಿಗಾದರೆ ಟೆಸ್ಟೋಸ್ಟೆರಾನ್?

ಬರೀ ನೆನಪಿನ ಶಕ್ತಿಗೆಂದಾದರೆ, ಬೇಡ. ಈ ದೇಶದಲ್ಲೇ 65 ದಾಟಿದ 4,532 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈಸ್ಟ್ರೋಜನ್-ಪ್ರೊಜೆಸ್ಟಿನ್ ಮಾತ್ರೆ, ಇನ್ನೊಂದಕ್ಕೆ ಔಷಧವೇ ಇಲ್ಲದ ಮಾತ್ರೆ ಕೊಟ್ಟು ವರ್ಷಗಟ್ಟಲೆ ನೋಡಿದರು. ಹಾರ್ಮೋನ್ ಮರೆವಿನ ಕಾಯಿಲೆಯನ್ನು ತಡೆದೀತು ಎಂಬ ಆಸೆಯಿತ್ತು. 2003ರಲ್ಲಿ ಲೆಕ್ಕ ಬಂದಾಗ ಹಾರ್ಮೋನ್ ನುಂಗಿದವರಲ್ಲಿ 40 ಮಂದಿಗೆ ಡಿಮೆನ್ಷಿಯಾ, ನುಂಗದವರಲ್ಲಿ 21. ಮುಟ್ಟು ನಿಲ್ಲುವ ವಯಸ್ಸಿನವರು ಮೈ ಬಿಸಿಯೇರುವ ತೊಂದರೆಗೆಂದು ತೆಗೆದುಕೊಳ್ಳುವ ಹಾರ್ಮೋನಿನ ಮಾತು ಬೇರೆ; ಅದನ್ನು ವೈದ್ಯರೊಂದಿಗೇ ತೀರ್ಮಾನಿಸಿ. ಗಂಡಸರ ಕಥೆ ಚಿಕ್ಕದು: 65 ದಾಟಿದವರು ವರ್ಷವಿಡೀ ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿಕೊಂಡರೂ ನೆನಪು ಸುಧಾರಿಸಲಿಲ್ಲವೆಂದು 2017ರಲ್ಲಿ ಗೊತ್ತಾಯಿತು.

ಥೈರಾಯ್ಡ್ ಮಾತ್ರೆಯನ್ನು ಮಾತ್ರ ಈ ಸಾಲಿಗೆ ಸೇರಿಸಬೇಡಿ. ವೈದ್ಯರು ಬರೆದುಕೊಟ್ಟಿದ್ದರೆ ಅದು ತಪ್ಪಲೇಬಾರದು. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೂ ಮಂಕು ಕವಿಯುತ್ತದೆ. ಇಲ್ಲಿಗೆ ಬಂದು ಹಗಲು-ರಾತ್ರಿ ಅದಲುಬದಲಾದ ಮೊದಲ ವಾರದಲ್ಲಿ ಫಿಲ್ಟರ್ ಕಾಫಿಯ ಜೊತೆಗೇ ಮಾತ್ರೆಯೂ ಒಳಗೆ ಹೋಗುತ್ತಿರುತ್ತದೆ, ಹಾಗಾದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬರಿಹೊಟ್ಟೆಗೆ ನೀರಿನಲ್ಲಿ ನುಂಗಿ ಅರ್ಧ-ಮುಕ್ಕಾಲು ಗಂಟೆಯಾದ ಮೇಲೆ ಕಾಫಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ. ಊರಿನ ಬ್ರ್ಯಾಂಡ್ ಹೆಸರು ಇಲ್ಲಿ ನಡೆಯದು, ಮಾತ್ರೆಗಳ ಪಟ್ಟಿಯಲ್ಲಿ ಔಷಧದ ಮೂಲ ಹೆಸರಾದ ಲಿವೋಥೈರಾಕ್ಸಿನ್ ಎಂದು ಬರೆದು ಎಷ್ಟು ಮೈಕ್ರೋಗ್ರಾಂ ಎಂದೂ ಸೇರಿಸಿ. ಮರೆವಿಗೆಂದು ಹೋದಾಗ ಥೈರಾಯ್ಡ್ ತಿಳಿಸುವ ಟಿಎಸ್‌ಎಚ್ ಜೊತೆ ಬಿ12 ಪರೀಕ್ಷೆಯನ್ನೂ ಕೇಳಿ. ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಅದರ ಕೊರತೆ ಹೊಸದೇನಲ್ಲ.

ಕ್ಲಿನಿಕ್ಕಿನಲ್ಲಿ ನೆನಪಿನ ಪರೀಕ್ಷೆಯೆಂದರೆ ‘ಇವತ್ತು ಯಾವ ತಾರೀಕು, ಇದು ಯಾವ ಕೌಂಟಿ’ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಏಕಾದಶಿ ಯಾವತ್ತೆಂದು ಥಟ್ಟನೆ ಹೇಳುವ ಅಮ್ಮ ಇಲ್ಲಿ ಅಂಕ ಕಳೆದುಕೊಂಡರೆ ಅದು ಮರೆವೇ ಎನ್ನಲಾಗದು. ಪರೀಕ್ಷೆ ಕನ್ನಡದಲ್ಲೇ ಆಗಲಿ ಎಂದು ಪಟ್ಟುಹಿಡಿಯಿರಿ. ಮೊಕಾ ಎಂಬ ನೆನಪಿನ ಪರೀಕ್ಷೆಗೆ ಕನ್ನಡ ಆವೃತ್ತಿ ಇದೆ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು, ಫೋನಿನಲ್ಲಾದರೂ ಸರಿ. ಮೊಮ್ಮಗಳನ್ನು ಆ ಕೆಲಸಕ್ಕೆ ಕೂರಿಸಬೇಡಿ: ಅಜ್ಜಿ ತಡವರಿಸಿದರೆ ಪಾಪ, ಅವಳೇ ಉತ್ತರ ಹೇಳಿಕೊಟ್ಟುಬಿಡುತ್ತಾಳೆ.

ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ಗಲಿಬಿಲಿಯಾಗಿ ಸಂಬಂಧವಿಲ್ಲದ ಮಾತಾಡತೊಡಗಿದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಮೂತ್ರದ ಸೋಂಕು, ಸೋಡಿಯಂ ಇಳಿತ, ಪಾರ್ಶ್ವವಾಯು, ಏನೂ ಇರಬಹುದು. ಕೂಡಲೇ ಎಮರ್ಜೆನ್ಸಿಗೆ ಕರೆದೊಯ್ಯಿರಿ, ಹೋಗುವಾಗ ಮಾತ್ರೆ ಡಬ್ಬಿಯನ್ನೂ ಹಾಗೇ ಎತ್ತಿಕೊಂಡು ಹೋಗಿ.