ರೋಟವೇಟರ್ ಶಾಫ್ಟ್: ಕೆಟ್ಟಾಗ ದುರಸ್ತಿ, ಮುರಿದಾಗ ಬದಲಾವಣೆ

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿ ಸೀಮೆ ಬಾಬಾಬುಡನ್‌ಗಿರಿ ಸಾಲಿನ ಮೂಡಲ ಮಗ್ಗುಲಲ್ಲಿದೆ. ಬೆಟ್ಟದ ಮೇಲೆ ಮಳೆ ಹಿಡಿದು ಹೊಡೆದರೂ ಕೆಳಗಿನ ಹೊಲಗಳಿಗೆ ಬೀಳುವುದು ಅಷ್ಟಕ್ಕಷ್ಟೆ. ಹದ ಸಿಕ್ಕಿದ ನಾಲ್ಕಾರು ದಿನಗಳಲ್ಲೇ ಮಣ್ಣು ಪುಡಿ ಮಾಡಿ ರಾಗಿ ಬಿತ್ತಬೇಕು. ಅಂಥ ದಿನಗಳಲ್ಲಿ ಟ್ರ್ಯಾಕ್ಟರಿನಿಂದ ರೋಟವೇಟರಿಗೆ ಶಕ್ತಿ ಒಯ್ಯುವ ಶಾಫ್ಟ್ ಕೈಕೊಟ್ಟರೆ ಎಂಜಿನ್ ಗಟ್ಟಿಯಾಗಿದ್ದೂ ಕೆಲಸ ನಿಲ್ಲುತ್ತದೆ. ಕಡೂರಿಗೋ ಬೀರೂರಿಗೋ ಹೋಗಿ ಸಾಮಾನು ಹುಡುಕಿ ತರುವ ಹೊತ್ತಿಗೆ ಹದ ಆರಿರುತ್ತದೆ. ಆದ್ದರಿಂದ ಈ ಶಾಫ್ಟಿನ ಕೆಲಸವನ್ನು ರೈತರು ತಾವೇ ತಿಳಿದಿರುವುದು ಲೇಸು.

ಟ್ರ್ಯಾಕ್ಟರಿನ ಹಿಂಬದಿಯ ಪಿ.ಟಿ.ಓ. ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಈ ವೇಗದಲ್ಲಿ 35 ಅಶ್ವಶಕ್ತಿ ಹರಿಯುವಾಗ ಶಾಫ್ಟಿನ ಮೇಲೆ ಬೀಳುವ ತಿರುಚು ಬಲ, ಒಂದು ಮೀಟರ್ ಉದ್ದದ ಹಾರೆಯ ತುದಿಗೆ ಸುಮಾರು 46 ಕಿಲೋ ತೂಕ ನೇತುಹಾಕಿದಷ್ಟು. ಕಲ್ಲಿಗೋ ಮರದ ಬುಡಕ್ಕೋ ಅಲಗು ತಗುಲಿದ ಕ್ಷಣ ಇದು ಹಲವು ಪಟ್ಟು ಏರುತ್ತದೆ. ಅದನ್ನು ತಡೆಯಲೆಂದೇ ಕೆಲವು ಶಾಫ್ಟುಗಳಲ್ಲಿ ತಾನೇ ಮುರಿದು ಉಳಿದುದನ್ನು ಕಾಯುವ ಮೆದು ಬೋಲ್ಟ್ ಇರುತ್ತದೆ. ಅದು ಪದೇ ಪದೇ ಮುರಿಯುತ್ತದೆಂದು ಬೇಸತ್ತು ಗಟ್ಟಿ ಬೋಲ್ಟ್ ಹಾಕುವವರಿದ್ದಾರೆ. ಆಗ ಬೋಲ್ಟ್ ಉಳಿಯುತ್ತದೆ, ಗೇರ್ ಪೆಟ್ಟಿಗೆ ಹೋಗುತ್ತದೆ. ತಯಾರಕರು ಹೇಳಿದ ಅಳತೆಯ, ಅದೇ ದರ್ಜೆಯ ಬೋಲ್ಟುಗಳನ್ನು ನಾಲ್ಕಾರು ತಂದು ಟೂಲ್ ಪೆಟ್ಟಿಗೆಯಲ್ಲಿ ಇಟ್ಟಿರತಕ್ಕದ್ದು.

ಶಾಫ್ಟ್ ಒಮ್ಮೆಗೇ ಕೆಡುವುದು ಅಪರೂಪ. ತಿರುವಿನಲ್ಲಿ ಟಕ್ ಟಕ್ ಸದ್ದು, ರೋಟವೇಟರಿನಲ್ಲಿ ಹೊಸ ನಡುಕ, ಕ್ರಾಸಿನ ಬಟ್ಟಲುಗಳ ಬಳಿ ಕುಂಕುಮದಂಥ ತುಕ್ಕಿನ ಪುಡಿ, ಇವು ಮುನ್ಸೂಚನೆಗಳು. ತುಕ್ಕಿನ ಪುಡಿ ಕಂಡಿತೆಂದರೆ ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗ್ ಸವೆಯುತ್ತಿದೆ ಎಂದೇ ಅರ್ಥ. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ರೋಟವೇಟರನ್ನು ನೆಲಕ್ಕೆ ಇಳಿಸಿದ ಮೇಲೆ ಶಾಫ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಬೇಕು. ಯೋಕಿಗೂ ಕ್ರಾಸಿಗೂ ನಡುವೆ ಆಟ ಕಂಡರೆ ಕ್ರಾಸ್ ಬದಲಿಸುವ ಕಾಲ ಬಂದಿದೆ.

ಬಿಚ್ಚುವ ಮೊದಲು ಯೋಕುಗಳ ಮೇಲೆ ಪಂಚಿನಿಂದ ಗುರುತು ಮಾಡಿಕೊಳ್ಳಬೇಕು. ಹೊಸ ಕ್ರಾಸ್ ತರಲು ಹೋಗುವಾಗ ಹಳೆಯದನ್ನೇ ಕೈಯಲ್ಲಿ ಒಯ್ಯುವುದು ಉತ್ತಮ. ಬಟ್ಟಲಿನ ವ್ಯಾಸ, ಎದುರುಬದುರು ಬಟ್ಟಲುಗಳ ಹೊರ ಅಂತರ ಎರಡೂ ಹೊಂದಬೇಕು. ಸರ್ಕ್ಲಿಪ್ ತೆಗೆದು, ಯೋಕನ್ನು ಮರದ ದಿಮ್ಮಿಗಳ ಮೇಲಿಟ್ಟು ಹದವಾಗಿ ತಟ್ಟಿದರೆ ಬಟ್ಟಲು ಹೊರಬರುತ್ತದೆ. ಈಗ ಯೋಕಿನ ಕಣ್ಣನ್ನು ಪರೀಕ್ಷಿಸಬೇಕು. ಅದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಹೊಸ ಕ್ರಾಸ್ ಹಾಕಿ ಫಲವಿಲ್ಲ, ಯೋಕನ್ನೇ ಬದಲಿಸಬೇಕು. ತಗಡಿನ ಚೂರು ತುರುಕುವುದು, ವೆಲ್ಡಿಂಗ್ ತುಂಬುವುದು ಒಂದೆರಡು ದಿನದ ಆಟ.

ಹೊಸ ಬಟ್ಟಲುಗಳಲ್ಲಿ ಸೂಜಿಗಳನ್ನು ಗ್ರೀಸ್ ಹಿಡಿದಿಟ್ಟಿರುತ್ತದೆ. ಕೂಡಿಸುವಾಗ ಒಂದು ಸೂಜಿ ಅಡ್ಡ ಬಿದ್ದರೂ ಬಟ್ಟಲು ಪೂರಾ ಕೂರದು, ಸರ್ಕ್ಲಿಪ್ ತನ್ನ ಗಾಡಿಗೆ ಸೇರದು. ಅನೇಕರು ಇಲ್ಲಿ ಸುತ್ತಿಗೆಯ ಪೆಟ್ಟು ಜೋರು ಮಾಡುತ್ತಾರೆ. ಹಾಗೆ ಮಾಡದೆ ಬಟ್ಟಲು ಹೊರತೆಗೆದು ಸೂಜಿ ಸರಿಪಡಿಸಬೇಕು. ಕ್ರಾಸಿನ ತೋಳು ಬಟ್ಟಲಿನೊಳಗೇ ಇರುವಂತೆ ಹಿಡಿದು ಎದುರು ಬಟ್ಟಲನ್ನು ಒತ್ತಿದರೆ ಸೂಜಿ ಬೀಳುವುದಿಲ್ಲ. ಗ್ರೀಸ್ ನಿಪ್ಪಲ್ ಕೈಗೆಟುಕುವ ಕಡೆಗೆ ಬರಬೇಕು. ಕೂಡಿಸಿದ ಮೇಲೆ ಕೀಲು ಕೈಯಲ್ಲೇ ಸಲೀಸಾಗಿ ಆಡಬೇಕು. ನಾಲ್ಕೂ ಸೀಲುಗಳಲ್ಲಿ ಗ್ರೀಸ್ ಇಣುಕುವವರೆಗೆ ಗನ್ ಒತ್ತಬೇಕು.

ಒಂದರೊಳಗೊಂದು ಜಾರುವ ಎರಡು ಕೊಳವೆಗಳನ್ನು ಸೇರಿಸುವಾಗ ಒಳಬದಿಯ ಎರಡು ಯೋಕುಗಳು ಒಂದೇ ನೇರದಲ್ಲಿರಬೇಕು. ಇದಕ್ಕೆ ಕಾರಣವಿದೆ. ಓರೆಯಾಗಿ ನಿಂತ ಒಂದು ಕೀಲು ಸಮವೇಗ ಕೊಡುವುದಿಲ್ಲ. 30 ಡಿಗ್ರಿ ಓರೆಯಲ್ಲಿ 540 ಸುತ್ತಿನ ವೇಗ ಪ್ರತಿ ಸುತ್ತಿನಲ್ಲೂ ಎರಡು ಬಾರಿ 468ಕ್ಕೆ ಇಳಿದು 624ಕ್ಕೆ ಏರುತ್ತದೆ. ಎರಡನೆಯ ಕೀಲು ಸರಿಯಾಗಿ ಕೂತು, ಎರಡೂ ಕಡೆಯ ಓರೆ ಸಮನಾಗಿದ್ದರೆ ಈ ಏರಿಳಿತ ಅಳಿಯುತ್ತದೆ. ತಪ್ಪಾಗಿ ಕೂತರೆ ಹೆಚ್ಚುತ್ತದೆ. ಚೌಕ ಕೊಳವೆಯನ್ನು ತಪ್ಪಾಗಿ ಸೇರಿಸುವುದು ಸುಲಭ. ಹೊಸ ಕ್ರಾಸ್ ಹಾಕಿದರೂ ನಡುಕ ಹೋಗಲಿಲ್ಲವೆಂದು ದೂರುವವರು ಮೊದಲು ಇದನ್ನು ನೋಡಬೇಕು.

ಕೊಳವೆ ಬಗ್ಗಿದ್ದರೆ ಅಥವಾ ತಿರುಚಿದ್ದರೆ ಕಾಯಿಸಿ ನೇರ ಮಾಡುವ ಗೋಜಿಗೆ ಹೋಗದೆ ಬದಲಿಸುವುದೇ ಸರಿ. ಹೊಸ ಶಾಫ್ಟ್ ಉದ್ದವಾಗಿದ್ದರೆ ರೋಟವೇಟರ್ ಎತ್ತಿ ಇಳಿಸುವಾಗ ಕೊಳವೆಗಳು ತುದಿ ಮುಟ್ಟಿ ಪಿ.ಟಿ.ಓ. ಬೇರಿಂಗನ್ನೇ ಒತ್ತುತ್ತವೆ. ಎರಡು ಭಾಗಗಳನ್ನೂ ಅವುಗಳ ಜಾಗದಲ್ಲಿ ಬೇರೆ ಬೇರೆಯಾಗಿ ಸಿಕ್ಕಿಸಿ, ಅಂತರ ಅತಿ ಕಡಿಮೆಯಾಗುವ ಎತ್ತರದಲ್ಲಿ ಅಕ್ಕಪಕ್ಕ ಹಿಡಿದು, ತುದಿಗೆ 25 ಮಿಲಿಮೀಟರ್ ಬಿಡುವು ಉಳಿಯುವಂತೆ ಗುರುತಿಸಬೇಕು. ಎತ್ತಿದ ರೋಟವೇಟರಿಗೆ ಗಟ್ಟಿ ಆಧಾರ ಕೊಡದೆ ಅದರಡಿ ಕೈ ಹಾಕಬಾರದು. ಒಳಕೊಳವೆ, ಹೊರಕೊಳವೆ, ಪ್ಲಾಸ್ಟಿಕ್ ಹೊದಿಕೆ ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿ ಅರದಿಂದ ಉಜ್ಜಬೇಕು. ದುಡಿಯುವಾಗ ಕೊಳವೆಗಳು ಕನಿಷ್ಠ 15 ಸೆಂಟಿಮೀಟರ್‌ ಒಂದರೊಳಗೊಂದು ಇರಬೇಕು.

ಜೀಪಿನ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿನಲ್ಲೂ ಇದೇ ಬಗೆಯ ಕ್ರಾಸ್ ಇರುವುದರಿಂದ ಈ ಕೆಲಸ ಅಲ್ಲಿಗೂ ಹೊಂದುತ್ತದೆ. 1983ರಲ್ಲಿ ಬಂದ ಮಾರುತಿ 800ರಂಥ, ಮುಂದಿನ ಚಕ್ರ ಎಳೆಯುವ ಕಾರುಗಳ ಕೀಲು ಬೇರೆ. ಅದರಲ್ಲಿ ಗುಂಡುಗಳಿರುತ್ತವೆ. ರಬ್ಬರ್ ಚೀಲ ಹರಿದು ಧೂಳು ಹೊಕ್ಕರೆ ಕೀಲು ಬಹುಬೇಗ ಸವೆಯುತ್ತದೆ.

ಪ್ಲಾಸ್ಟಿಕ್ ಹೊದಿಕೆ ಒಡೆದಿದ್ದರೆ ಅದನ್ನು ಕಿತ್ತೆಸೆಯುವುದು ವಾಡಿಕೆಯಾಗಿದೆ. ಬರಿಯ ಶಾಫ್ಟಿಗೆ ಪಂಚೆಯ ಅಂಚೋ ಸೆರಗೋ ಟವೆಲ್ಲೋ ಸಿಕ್ಕಿದರೆ ಸೆಕೆಂಡಿಗೆ ಒಂದೂವರೆ ಮೀಟರಿಗೂ ಹೆಚ್ಚು ಬಟ್ಟೆ ಸುತ್ತಿಕೊಳ್ಳುತ್ತದೆ. ಕಿರುಚಿದ್ದು ಚಾಲಕನಿಗೆ ಕೇಳುವಷ್ಟರಲ್ಲಿ ಕೈಯೋ ಜೀವವೋ ಹೋಗಿರುತ್ತದೆ. ಹೊದಿಕೆ, ಅದು ತಿರುಗದಂತೆ ಕಟ್ಟುವ ಸರಪಳಿ ಎರಡನ್ನೂ ಹೊಸದಾಗಿ ಹಾಕಿದ ಮೇಲೆಯೇ ಯಂತ್ರ ಹೊಲಕ್ಕೆ ಇಳಿಯಬೇಕು. ಬಾಡಿಗೆಗೆ ತಂದ ರೋಟವೇಟರಿಗೂ ಇದೇ ಮಾತು.

ದುರಸ್ತಿಯಾದ ಶಾಫ್ಟನ್ನು ಮೊದಲು ಕಡಿಮೆ ವೇಗದಲ್ಲಿ ಓಡಿಸಿ ನೋಡಬೇಕು. ಒಂದು ಗಂಟೆ ದುಡಿದ ಬಳಿಕ ನಿಲ್ಲಿಸಿ, ಸರ್ಕ್ಲಿಪ್ ಮತ್ತು ಲಾಕ್ ಪಿನ್ ಜಾಗದಲ್ಲಿವೆಯೇ ಎಂದು ಪರೀಕ್ಷಿಸಿ, ಬಟ್ಟಲುಗಳ ಬಳಿ ಕೈಯ ಹಿಂಬದಿ ತಂದು ಬಿಸಿ ನೋಡಬೇಕು. ಒಂದು ಬಟ್ಟಲು ಮಾತ್ರ ಸುಡುತ್ತಿದ್ದರೆ ಅದಕ್ಕೆ ಗ್ರೀಸ್ ತಲುಪಿಲ್ಲ. ಆಮೇಲೆ ಎಂಟು ಗಂಟೆ ಕೆಲಸಕ್ಕೊಮ್ಮೆ ಗ್ರೀಸ್.