ಕೌಂಟರ್ ಕೊಳ್ಳುವ ಮುನ್ನ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಇನ್ವರ್ಟರ್, ರೇಡಿಯೋ ರಿಪೇರಿ ಮಾಡುವ ಗೆಳೆಯರೇ, ಫ್ರೀಕ್ವೆನ್ಸಿ ಕೌಂಟರ್ ಕೊಳ್ಳುವಾಗ ಡಬ್ಬಿಯ ಮೇಲಿನ ‘2.4 ಗಿಗಾಹರ್ಟ್ಸ್’ ನೋಡಿ ಮರುಳಾಗಬೇಡಿ. ನಿಮ್ಮ ಟೇಬಲ್ಲಿಗೆ ಅಂಥ ಕೆಲಸ ಬರುವುದೇ ಅಪರೂಪ.

ಇನ್ವರ್ಟರಿನ 50 ಹರ್ಟ್ಸ್ ನೋಡುವುದಷ್ಟೇ ಇದ್ದರೆ, ಹರ್ಟ್ಸ್ ಅಳೆಯುವ ಮಲ್ಟಿಮೀಟರೇ ಸಾಕು. ಸಾದಾ ಕೌಂಟರ್ ಒಂದು ಸೆಕೆಂಡ್ ಎಣಿಸಿ 50 ಇಲ್ಲವೇ 51 ಅನ್ನುತ್ತದೆ. ಪಾಯಿಂಟ್ ಲೆಕ್ಕ ಬೇಕೆಂದರೆ ಹತ್ತು ಸೆಕೆಂಡ್ ಕಾಯಬೇಕು. ಏನೇ ಇರಲಿ, ಕೌಂಟರಿಗೆ 230 ವೋಲ್ಟನ್ನು ನೇರವಾಗಿ ಕೊಡಲೇಬೇಡಿ. ನಡುವೆ ಸಣ್ಣ ಟ್ರಾನ್ಸ್‌ಫಾರ್ಮರ್ ಹಾಕಿ, ರೆಸಿಸ್ಟರ್‌ಗಳಿಂದ ಇನ್ನೂ ಇಳಿಸಿ, ಒಂದೆರಡು ವೋಲ್ಟ್ ಮಾತ್ರ ಒಳಹೋಗಲಿ.

ಮೀಡಿಯಂ ವೇವ್, ಶಾರ್ಟ್ ವೇವ್ ರೇಡಿಯೋ ಕೆಲಸಕ್ಕೆ 50 ಮೆಗಾಹರ್ಟ್ಸ್‌ವರೆಗಿನ, ಐದು ಅಂಕಿಯ ಪಿಕ್ ಚಿಪ್ಪಿನ ಕಿಟ್ ಧಾರಾಳವಾಯಿತು. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್‌ಗೆ ಮುಳ್ಳು ನಿಲ್ಲಿಸಿ. ಆಸಿಲೇಟರ್ 1220ರ ಆಸುಪಾಸು ತೋರಿಸಬೇಕು, 765ಕ್ಕೆ ಐ.ಎಫ್.ನ 455 ಕೂಡಿದ ಲೆಕ್ಕ ಅದು. ಆದರೆ ಪ್ರೋಬನ್ನು ನೇರ ಚುಚ್ಚಿದರೆ ಆಸಿಲೇಟರೇ ಜಾರಿಬಿಡುತ್ತದೆ. ನಾಲ್ಕು ಸುತ್ತಿನ ತಂತಿಯನ್ನು ಕಾಯಿಲ್ ಬಳಿ ಹಿಡಿಯಿರಿ. ಅಷ್ಟಕ್ಕೆ ಕಿಟ್ ಓದದಿದ್ದರೆ ಒಂದು ಎಫ್‌ಇಟಿ ಬಫರ್ ಕಟ್ಟಿಕೊಳ್ಳಿ.

ಇನ್ನು ಎಂಟು ಅಂಕಿಯ ಮೋಹ. ಅಂಕಿ ಎಷ್ಟಿದ್ದರೇನು, ನಿಖರತೆ ಒಳಗಿನ ಕ್ರಿಸ್ಟಲ್‌ನದ್ದು. ಅದು 20 ಪಿಪಿಎಂನದ್ದಾದರೆ 10 ಮೆಗಾಹರ್ಟ್ಸ್‌ನಲ್ಲಿ 200 ಹರ್ಟ್ಸ್ ತಪ್ಪಬಹುದು; ಕೊನೆಯ ಮೂರು ಅಂಕಿ ಬರೀ ಶೋಕಿ. ನಮ್ಮ ಏಪ್ರಿಲ್ ಬಿಸಿಲಿಗೆ ತಗಡಿನ ಅಂಗಡಿ ಕಾದರೆ ಇನ್ನೂ ಸರಿಯುತ್ತದೆ. ಹೆಚ್ಚುವರಿ ಹಣವಿದ್ದರೆ ಗಿಗಾಹರ್ಟ್ಸ್‌ಗೆ ಸುರಿಯದೆ, ಟಿಸಿಎಕ್ಸ್‌ಒ, ಅಂದರೆ ಬಿಸಿಗೆ ಹೆಚ್ಚು ಸರಿಯದ ಕ್ರಿಸ್ಟಲ್ ಆಸಿಲೇಟರ್, ಇರುವ ಮಾದರಿಗೆ ಕೊಡಿ.